ಫಲಕದ ಏಳನೇ ಹೆಸರು

ಕಾರ್ವರ್ಸ್ ರನ್, ಪೆನ್ಸಿಲ್ವೇನಿಯಾ
೬ ಅಕ್ಟೋಬರ್ ೧೯೯೮, ಮಂಗಳವಾರ

ಪ್ರೀತಿಯ ತಮ್ಮ ಪಾವೆಲ್,

ನಿನ್ನ ಮಂಡಿನೋವು ಹೇಗಿದೆ? ಉಣ್ಣೆಯ ಕಾಲುಚೀಲ ಕಳಿಸಿದ್ದೆನಲ್ಲ, ಹಾಕಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದೀಯೋ? ನಿನ್ನನ್ನು ನಂಬುವ ಹಾಗಿಲ್ಲ. ನನಗೆ ಕೆಮ್ಮು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಮೊನ್ನೆ ಕೋಸು, ಹಿಟ್ಟಿನುಂಡೆ ಬೆರೆಸಿ ಹಲುಶ್ಕಿ ಮಾಡಿದ್ದೆ. ಕೋಸು ಹೆಚ್ಚಾಯಿತು, ಒಬ್ಬಳೇ ಎರಡು ದಿನ ಅದನ್ನೇ ತಿಂದೆ.

ಗಣಿಯ ತಿರುವಿನಲ್ಲಿ, ಹೆದ್ದಾರಿಯ ಪಕ್ಕ, ಸ್ಮಾರಕ ಫಲಕ ನೆಡುತ್ತಾರಂತೆ. ನೀಲಿ ಬಣ್ಣ, ಹಳದಿ ಅಕ್ಷರ; ಐವತ್ತಾರರ ಸ್ಫೋಟದಲ್ಲಿ ಸತ್ತ ಹತ್ತೊಂಬತ್ತು ಮಂದಿಯ ಹೆಸರು. ಉಸ್ತುವಾರಿ ವಿನಿಫ್ರೆಡ್ ಟೀಚರದು. ನಿವೃತ್ತರಾಗಿ ಹತ್ತು ವರ್ಷವಾದರೂ ಊರಿಗೆಲ್ಲ ಪಾಠ ಹೇಳುವ ಚಾಳಿ ಬಿಟ್ಟಿಲ್ಲ. ಹೋದ ವಾರ ಬಂದು, "ಲುದ್ಮಿಲಾ, ಪರದೆ ಎಳೆಯೋದು ನೀನೇ ಕಣೇ. ಸತ್ತೋರಲ್ಲಿ ನಿನ್ನ ತಮ್ಮನೇ ಎಲ್ರಿಗಿಂತ ಚಿಕ್ಕೋನು, ಪಾಪ" ಎಂದು ಪಟ್ಟಿ ಕೈಗಿಟ್ಟರು. ಏಳನೇ ಹೆಸರು ನಿನ್ನದು. ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದರು. ಅಳುತ್ತಿರಲಿಲ್ಲ, ಹೆದರಿದ್ದೆ.

ಸ್ಫೋಟವಾದ ಆ ಬೆಳಿಗ್ಗೆ ನೀನು ಮದುವೆಮನೆಯಲ್ಲಿ ಕುಡಿದು ಬಂದು ಹೆಣದ ಹಾಗೆ ಬಿದ್ದಿದ್ದೆ. ಇನ್ನೊಂದು ದಿನ ತಪ್ಪಿದರೆ ಕೆಲಸ ಹೋಗುತ್ತಿತ್ತು. ಅಪ್ಪನಿಗೆ ಅಂದು ರಜೆ. "ಮಲಗ್ಲಿ ಬಿಡೇ, ಅವನ ಪಾಳಿಗೆ ನಾನೇ ಹೋಗ್ತೀನಿ. ಅಮ್ಮಂಗೆ ಹೇಳ್ಬೇಡ, ಇಬ್ರಿಗೂ ಬೈತಾಳೆ" ಎಂದು ನಿನ್ನ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹೋದ. ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕಿಟಕಿಯಲ್ಲಿ ಮುಖ ನೋಡುವವರು ಯಾರು? ಸಂಖ್ಯೆ ಹೇಳಿದರೆ ಅದೇ ಸಂಖ್ಯೆಯ ಹಿತ್ತಾಳೆಯ ಬಿಲ್ಲೆ ಕೈಗೆ ಬರುತ್ತಿತ್ತು. ಸುಟ್ಟ ದೇಹಗಳನ್ನೂ ಸೊಂಟದ ಬಿಲ್ಲೆ ನೋಡಿಯೇ ಗುರುತಿಸಿದರು. ಇನ್ನೂರ ಹದಿನಾಲ್ಕು ಎಂದರೆ ಪಾವೆಲ್ ಹ್ರಿಂಕೊ. ಶವಪೆಟ್ಟಿಗೆಗೆ ಮೊಳೆ ಹೊಡೆದೇ ತಂದರು.

ಸೈರನ್ ಕೇಳಿ ಅಮ್ಮ ಗಣಿಗೆ ಓಡಿದಳು; ಆ ಪಾಳಿಯಲ್ಲಿ ಯಾರೂ ಉಳಿದಿಲ್ಲವೆಂಬ ಸುದ್ದಿ ಬಂದಾಗ ನೀನು ಹಿತ್ತಿಲಲ್ಲಿ ನನ್ನ ಕೈ ಹಿಡಿದು, "ನಾನೇ ಸತ್ತೆ ಅಂತಿರ್ಲಿ ಅಕ್ಕ, ಅಮ್ಮನ ಮುಖ ನೋಡಲಾರೆ" ಎಂದೆ. ಹದಿನೆಂಟು ವರ್ಷದವನ ಮಾತಿಗೆ ನಾನೂ ಆಣೆ ಇಟ್ಟೆ, ಅಮ್ಮ ಮರಳುವ ಮೊದಲೇ ನೀನು ಊರು ಬಿಟ್ಟೆ. ಆಮೇಲೆ ಕಾಣದಾದ ಅಪ್ಪನ ಬಗ್ಗೆ ಊರು ಏನೆಂದಿತೆಂದು ನಿನಗೆ ಬರೆದೇ ಇಲ್ಲ. "ಓಂದ್ರೇ ಯಾವಳ ಜೊತೇನೋ ಓಡಿಹೋದ. ಹೆತ್ತ ಮಗನ್ನ ಮಣ್ಣು ಮಾಡೋಕೂ ಬರ್ಲಿಲ್ಲ." ಅಮ್ಮ ಅಪ್ಪನ ಫೋಟೋವನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದಳು. ಸಾಯುವ ದಿನವೂ, "ಅವನ ಹೆಸರು ಎತ್ತಬೇಡ" ಎಂದಳು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಬಾಯಿ ಬಿಡಬಹುದಿತ್ತು ಪಾವೆಲ್. ಬಿಡಲಿಲ್ಲ. ಅದಕ್ಕೆ ನಿನ್ನನ್ನು ದೂರುವುದಿಲ್ಲ, ನನ್ನನ್ನು ಕ್ಷಮಿಸುವುದೂ ಇಲ್ಲ. ನಲವತ್ತೆರಡು ವರ್ಷದಿಂದ ನಿನ್ನ ಹೆಸರಿನ ಕಲ್ಲಿನ ಮುಂದೆ ಅಪ್ಪನಿಗೆ ಹೂವಿಡುತ್ತಿದ್ದೇನೆ.

ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಮಕ್ಕಳಿಗೆ ಆಶೀರ್ವಾದ. ಅವರಿಗೆ ನಾನೊಬ್ಬಳು ಅತ್ತೆ ಇರುವುದು ಗೊತ್ತಿಲ್ಲದಿದ್ದರೂ ದೇವರಿಗೆ ಗೊತ್ತಲ್ಲ.

ನಿನ್ನ ಅಕ್ಕ,
ಲುದ್ಮಿಲಾ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಶುಕ್ರವಾರ ಫಲಕ ಎರಕ ಹೊಯ್ಯುತ್ತಾರೆ. ಇವತ್ತು ಬೆಳಿಗ್ಗೆ ಟೀಚರ ಮನೆಗೆ ಹೋಗಿ ಏಳನೇ ಹೆಸರು ಹೊಡೆದುಹಾಕಿ ಅಪ್ಪನ ಹೆಸರು ಬರೆದೆ. ಯಾಕೆಂದು ಕೇಳಿದರು, ಎಲ್ಲ ಹೇಳಿದೆ. ಆಣೆ ಮುರಿದೆ. ನವೆಂಬರ್ ಹದಿನೈದಕ್ಕೆ ಪರದೆ ನಾನು ಎಳೆಯುವುದಿಲ್ಲ, ನೀನು ಬಂದು ಎಳೆಯಬೇಕು. ಅಪ್ಪನ ಫೋಟೋ ಈಚೆ ತಿರುಗಿಸಿದ್ದೇನೆ. ಇಷ್ಟು ವರ್ಷ ಬೆಳಕು ಬೀಳದೆ ಮುಖ ಚೂರೂ ಮಾಸಿಲ್ಲ.