ನಿನ್ನೆಯ ಪೇಪರ್ ಓದುತ್ತಿದ್ದ ಬಸಮ್ಮನ ಪರವಾಗಿ

ನಮ್ಮ ಬಡಾವಣೆಯ ಗ್ರಂಥಾಲಯವನ್ನು ತಪಾಸಣೆ ಮಾಡಿ ಹೋದ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ಹನ್ನೊಂದೇ ನಿಮಿಷದ ತಪಾಸಣೆಯಲ್ಲಿ ತಾವು ಒಬ್ಬ ಹೆಂಗಸಿನ ಓದು ನಿಲ್ಲಿಸಿ ಹೋದಿರಿ. ಅದರ ಬಗ್ಗೆ ಈ ದೂರು. ಸಮಾಧಾನವಾಗಿ ಬರೆಯೋಣವೆಂದು ಮೂರು ಸಲ ಕೂತೆ. ಸಮಾಧಾನ ಬರಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೊದಲು ತಮ್ಮ ಸಾಧನೆಗಳನ್ನು ಒಪ್ಪಿಕೊಂಡುಬಿಡುತ್ತೇನೆ. ಬಾಗಿಲಿಗೆ ‘ಓದುಗರಿಗೆ ಆದರದ ಸ್ವಾಗತ’ ಎಂಬ ಫಲಕ ಬಂದಿದೆ. ಗೋಡೆಗೆ ಹಸಿರು ಬಣ್ಣ ಬಂದಿದೆ. ಸೋಫಾ ಬಂದಿದೆ, ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯಕೂಡದೆಂಬ ಆದೇಶವೂ ಜೊತೆಗೇ ಬಂದಿದೆ. ಮೂಲೆಯ ಕುಂಡದಲ್ಲಿ ಗಿಡವಿದೆ, ಅದೂ ಪ್ಲಾಸ್ಟಿಕ್ಕಿನದೇ, ನೀರು ಹಾಕುವ ತಾಪತ್ರಯವಿಲ್ಲ. ಇದ್ದಬದ್ದ ಸ್ವಾಗತವೆಲ್ಲ ಗೋಡೆಗೇ ಮುಗಿದುಹೋಗಿ, ಒಳಗೆ ಬಂದ ಮನುಷ್ಯರಿಗೆ ಏನೂ ಉಳಿಯಲಿಲ್ಲವೇ ಸ್ವಾಮಿ?

ಇದ್ಯಾವುದೂ ಇಲ್ಲದಾಗ ನಮ್ಮಲ್ಲಿ ಸ್ವಾಗತ ಹೇಗಿತ್ತು, ಹೇಳುತ್ತೇನೆ. ಬಸಮ್ಮ ಕುಂಬಾರಕೊಪ್ಪಲಿನವರು, ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾರೆ. ವಯಸ್ಸು ಐವತ್ತನಾಲ್ಕು, ಅಕ್ಷರ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಲು ತಾಳಲಾರದೆ ಒಳಗೆ ಬಂದು ನೀರು ಕೇಳಿದರು. ಗ್ರಂಥಾಲಯದ ಸಹಾಯಕ ಸಿದ್ದಮಲ್ಲಪ್ಪನವರು ನೀರು ಕೊಟ್ಟು, ಫ್ಯಾನಿನ ಕೆಳಗೆ ಕುರ್ಚಿ ಎಳೆದು, “ಕೂತ್ಕೊಳಿ ಅಕ್ಕ, ಬಿಸ್ಲು ಇಳೀಲಿ” ಎಂದರು. ಕೂತವರು ಸುಮ್ಮನಿರಲಾರದೆ ಪೇಪರಿನ ದಪ್ಪಕ್ಷರ ತೋರಿಸಿ ಇದೇನು, ಅದೇನು ಎಂದು ಕೇಳತೊಡಗಿದರು. ಮರುದಿನವೂ ಬಂದರು. ಎಂಟು ತಿಂಗಳು ತಪ್ಪದೆ ಬಂದರು. ಅಂದಂದಿನ ಪೇಪರಿಗೆ ನಮ್ಮಂಥವರ ಪೈಪೋಟಿ ಇದ್ದದ್ದರಿಂದ ಸಿದ್ದಮಲ್ಲಪ್ಪನವರು ಅವರಿಗಾಗಿ ಹಿಂದಿನ ದಿನದ್ದನ್ನು ತೆಗೆದಿಡುತ್ತಿದ್ದರು. ಅದು ಹಳೇದಲ್ಲವೇ ಎಂದು ನಾನೊಮ್ಮೆ ಬಸಮ್ಮನನ್ನು ಕೇಳಿದ್ದಕ್ಕೆ, “ಹಳೇದಾದ್ರೇನು ಕಣಮ್ಮ, ನಂಗೆ ಇವತ್ತೇ ತಾನೇ ಗೊತ್ತಾಗೋದು” ಎಂದರು.

ತಮ್ಮ ಸವಾರಿ ಬಂದಾಗ ಬಸಮ್ಮ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಸಣ್ಣ ದನಿಯಲ್ಲಿ ಓದುತ್ತಿದ್ದರು. “ಜೋರಾಗಿ ಓದಮ್ಮ, ನಮಗೂ ಕೇಳಿಸಲಿ” ಎಂದಿರಿ. ನಿಜವಾಗಿಯೂ ಕೇಳಲು ನಿಂತಿದ್ದೀರೆಂದು ನಂಬಿ ಅವರು ಎದ್ದು ನಿಂತು ಓದಿದರು. ‘ನೀರು ಸರಬರಾಜು’ ಎಂಬೆರಡು ಪದ ಮುಗಿಯುವಷ್ಟರಲ್ಲಿ, “ಇದೇನ್ರೀ, ಲೈಬ್ರರಿನೋ ಅಂಗನವಾಡಿನೋ?” ಎಂದಿರಿ. ತಮ್ಮ ಹಿಂದೆ ಬಂದವರು ನಕ್ಕರು. ಮೇಜಿನ ಸುತ್ತ ಕೂತಿದ್ದವರೂ ನಕ್ಕರು. ಬಸಮ್ಮ ಪೇಪರನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದರು. ಮರುವಾರ ಸಿದ್ದಮಲ್ಲಪ್ಪನವರಿಗೆ ನೋಟಿಸ್ ಬಂತು: ‘ಓದುಗರಲ್ಲದವರಿಗೆ ಆಸನ ಒದಗಿಸಿ ಇಲಾಖೆಯ ಘನತೆಗೆ ಕುಂದು ತಂದಿರುತ್ತೀರಿ.’

ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಇಂಥ ನೋಟಿಸುಗಳನ್ನು ಬೆರಳಚ್ಚು ಮಾಡಿದವಳು ನಾನು. ಸಾಹೇಬರ ಬಳಿ ಕಾರಣ ಇಲ್ಲದಾಗಲೆಲ್ಲ ಕರಡಿನಲ್ಲಿ ‘ಘನತೆ’ ಬರುತ್ತಿತ್ತು. ಓದು ಕಲಿಯುತ್ತಿರುವವರು ಓದುಗರಲ್ಲವೆಂದು ಯಾವ ನಿಯಮದಲ್ಲಿದೆ? ತಾವೇನು ಹುಟ್ಟುತ್ತಲೇ ಕಡತ ಓದಿದಿರಾ?

ಬಸಮ್ಮನನ್ನು ಕರೆತರಲು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಕುಡಿಯುತ್ತಾ ತಮಗೆ ಬಾಯಿಗೆ ಬಂದಂತೆ ಬೈದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದರು: “ಅವ್ರು ಯಾರೋ ಏನೋ, ಬುಡಿ. ದಿನಾ ಪಕ್ಕದಲ್ಲಿ ಕೂತಿದ್ದೋರು ನೀವು. ನೀವೂ ನಕ್ಬುಟ್ರಲ್ಲ ಕಣಮ್ಮ.”

ಹೌದು, ನಕ್ಕಿದ್ದೆ. ಅಧಿಕಾರಿ ತಮಾಷೆ ಮಾಡಿದರೆ ನಗುವುದು ನೌಕರಿ ಕಲಿಸಿದ ಚಾಳಿ. ಕ್ಷಮೆ ಕೇಳಿದೆ. “ಆಯ್ತು” ಎಂದರು, ಆದರೆ ಬರಲಿಲ್ಲ. ಈ ನಾಚಿಕೆಯನ್ನು ಒಬ್ಬಳೇ ಹೊತ್ತು ತಿರುಗುವಷ್ಟು ದೊಡ್ಡ ಮನಸ್ಸು ನನಗಿಲ್ಲ. ತಮಗೂ ಪಾಲು ಕೊಡದೆ ಬಿಡುವವಳಲ್ಲ.

ಆದ್ದರಿಂದ ಸಿದ್ದಮಲ್ಲಪ್ಪನವರ ನೋಟಿಸ್ ಹಿಂಪಡೆಯಿರಿ. ಆಮೇಲೆ ಕಾರನ್ನು ದೂರ ನಿಲ್ಲಿಸಿ, ಬಸಮ್ಮನ ಮನೆಗೆ ನಡೆದು ಹೋಗಿ, ಬಾಗಿಲಲ್ಲಿ ನಿಂತು ಅವರನ್ನು ಓದಲು ಕರೆಯಿರಿ. ಬರಲೊಪ್ಪಿದರೆ ತಮ್ಮ ಪುಣ್ಯ. ಆ ನೋಟಿಸನ್ನು ಅವರು ಅಕ್ಷರ ಕೂಡಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ತಮ್ಮೆದುರು ಓದಬೇಕು. ಎರಡು ಗಂಟೆ ಹಿಡಿಯಬಹುದು. ತಾವು ಏಳಕೂಡದು, ಫೋನ್ ತೆಗೆಯಕೂಡದು, ತಡವರಿಸಿದರೆ ಪದ ಹೇಳಿಕೊಡಕೂಡದು. ಕೆಳಗಿರುವ ತಮ್ಮ ಹೆಸರನ್ನೂ ಅವರೇ ಓದಲಿ. ಅಲ್ಲಿಯವರೆಗೂ ನಾನು ಗ್ರಂಥಾಲಯದ ಬಾಗಿಲಿಗೆ ಅಡ್ಡ ನಿಂತಿರುತ್ತೇನೆ.

ಇಂತಿ,
ತಮ್ಮ ಮಾತಿಗೆ ನಕ್ಕವರಲ್ಲಿ ಒಬ್ಬಳಾದ
ವೇದವತಿ
ನಿವೃತ್ತ ಬೆರಳಚ್ಚುಗಾರ್ತಿ, ಮೈಸೂರು