ಚಾವಣಿ ಮೇಲಿನ ದವಡೆ ಹಲ್ಲು

ಬಾಗೂರು
೧೧ ಆಗಸ್ಟ್ ೨೦೦೩, ಸೋಮವಾರ

ಸಮಸ್ತ ಪೈಪು ಮಂಡಲಾಧೀಶ್ವರ, ಬೆಸುಗೆ ಪರೀಕ್ಷಾ ಚಕ್ರವರ್ತಿ, ಒಂದು ಕಮ್ಮಿ ಮೂವತ್ತೆರಡು ಹಲ್ಲುಗಳ ಒಡೆಯ ಶ್ರೀಮಾನ್ ರಂಗಸ್ವಾಮಿ ಮಹಾಪ್ರಭುಗಳ ಕಬ್ಬಿಣದ ಮಂಚದ ಸನ್ನಿಧಾನಕ್ಕೆ, ಬಾಗೂರು ಸಂಸ್ಥಾನದ ಏಕೈಕ ರಾಜಕುಮಾರಿಯೂ ಗಣಿತದಲ್ಲಿ ಫೇಲಾದವಳೂ ಆದ ಅನುಶ್ರೀಯು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಪ್ರೀತಿಯ ಅಪ್ಪಾ, ಹೆಂಗಿದ್ದೀಯ? ಜ್ವರ ಬಿಟ್ಟಿತಾ? ವಸಡಿನಲ್ಲಿ ರಕ್ತ ಬರೋದು ನಿಂತಿತಾ? ಗಂಜಿಗೆ ಉಪ್ಪಿಲ್ಲ ಅಂತ ಮೈಸೂರಿನ ಆಸ್ಪತ್ರೆ ನರ್ಸಮ್ಮನ ಹತ್ತಿರ ಜಗಳ ಆಡಿದೆಯಂತೆ. ನಿನ್ನ ಜೊತೆಗಿರೋ ಚೆನ್ನಯ್ಯ ಮಾವ ಫೋನಿನಲ್ಲಿ ಹೇಳಿದಾಗ ಅಮ್ಮ ಬಹಳ ದಿನದ ಮೇಲೆ ನಕ್ಕಳು. ಜಗಳಕ್ಕೆ ಶಕ್ತಿ ಬಂದಿದೆಯಲ್ಲ ಅಂತ.

ಈಗ ರಾಜ್ಯದ ಸುದ್ದಿ. ಮುಂಬಯಿಯಿಂದ ನಿನ್ನ ಹಲ್ಲಿನ ರಿಪೋರ್ಟು ಬಂತು. ನಾವು ಗೆದ್ದೆವು. ಕಂಪನಿ ಸಾಹೇಬ ನಮ್ಮ ಜಗಲಿ ಮೇಲೆ ಕೂತು, ನಮ್ಮದೇ ಕಾಫಿ ಕುಡೀತಾ, 'ಕೆಲಸದಿಂದ್ಲೇ ಕಾಯ್ಲೆ ಬಂತು ಅಂತ ರಂಗಸ್ವಾಮಿ ಸುಳ್ಳು ಹೇಳ್ತಾವ್ನೆ ಕಣಮ್ಮ, ಅವನ ಬಿಲ್ಲೇಲಿ ಏನೂ ಬಂದಿಲ್ಲ' ಅಂದಿದ್ದನಲ್ಲ. ಎಷ್ಟು ವಿಕಿರಣ ಬಿತ್ತು ಅಂತ ಅಳೆಯೋಕೆ ಎದೆಗೆ ಸಿಕ್ಕಿಸಿಕೊಳ್ಳೋ ಬಿಲ್ಲೆ ಅದು. ಅದರಲ್ಲಿ ಹೇಗೆ ಬರುತ್ತೆ? ಅದು ದೇವರ ಗೂಡಿನಲ್ಲಿತ್ತು. ಅಮ್ಮ ನಿನ್ನ ಕೆಲಸಕ್ಕೆ ಹೆದರಿದಾಗ ನೀನೇ ಅಲ್ವಾ, 'ಇದೈತಲ್ಲ, ಇದೇ ನನ್ನ ಕಾಯೋದು ಕಣೆ' ಅಂದಿದ್ದು. ಅವಳು ಅದನ್ನ ರಕ್ಷೆ ಅಂದುಕೊಂಡಳು. ನೀನು ರಜಕ್ಕೆ ಬಂದಾಗಲೆಲ್ಲ ಅಂಗಿಯಿಂದ ಬಿಚ್ಚಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಸೈಟಿನಲ್ಲಿ ಕಳೆದುಹೋಗುತ್ತೆ ಅಂತ ನೀನೂ ಅಲ್ಲೇ ಬಿಟ್ಟುಹೋದೆ. ಕಂಪನಿ ಕೇಳಿದಾಗ ಕುಂಕುಮ ಒರೆಸಿ ಕೊಟ್ಟು, ಹೊಸದನ್ನ ತಂದು ಮತ್ತೆ ಗೂಡಿನಲ್ಲೇ ಇಟ್ಟೆ. ನಮ್ಮ ಮನೆದೇವರಿಗೆ ವಿಕಿರಣದ ಬಾಧೆ ಕಿಂಚಿತ್ತೂ ಇಲ್ಲವೆಂದು ವರ್ಷಗಟ್ಟಲೆ ದಾಖಲಾಗಿದೆ. ಆ ಹೊತ್ತಿನಲ್ಲಿ ನೀನು, ಬೆಸುಗೆಯ ಚಿತ್ರ ತೆಗೆಯೋ ಆ ಕಾಳಿನಷ್ಟು ವಿಕಿರಣದ ಲೋಹ ಕೊಳವೆಯಲ್ಲಿ ಸಿಕ್ಕಿಕೊಂಡಾಗಲೆಲ್ಲ, ಇಕ್ಕಳ ಹಿಡಿದು ಸೀಸದ ಪೆಟ್ಟಿಗೆಗೆ ತಳ್ಳುತ್ತಿದ್ದೆ.

ಹಾಸನದ ಶಾಂತಕುಮಾರಿ ಡಾಕ್ಟರು ನನಗೂ ಅಮ್ಮನಿಗೂ ಹೇಳಿದ್ದನ್ನ ಕೇಳು. ಬಿಲ್ಲೆ ಇಲ್ಲದಿದ್ದರೇನಂತೆ, ಮೈಮೇಲೆ ಬಿದ್ದಿದ್ದನ್ನ ಹಲ್ಲಿನ ಮೇಲ್ಪದರ ಹಿಡಿದಿಟ್ಟುಕೊಂಡಿರುತ್ತೆ, ಅಳೆಯೋ ಯಂತ್ರ ಮುಂಬಯಿಯಲ್ಲಿದೆ ಅಂದರು. ಆದರೆ ನಿನ್ನ ರಕ್ತ ಹೆಪ್ಪುಗಟ್ಟಲ್ಲ, ಈಗ ಹಲ್ಲು ಕೀಳೋ ಹಾಗಿಲ್ಲ. ಮುಂಚೆ ಕಿತ್ತಿದ್ದೇನಾದರೂ ಇದೆಯಾ ಅಂತ ಕೇಳಿದರು. ಅಮ್ಮ ಇಲ್ಲ ಅಂದಳು. ನಾನು ಎದ್ದು ನಿಂತು, ಇದೆ, ಚಾವಣಿ ಮೇಲಿದೆ ಅಂದೆ. ಆಗ ಅವರ ಮುಖ ನೀನು ನೋಡಬೇಕಿತ್ತು.

ಹೋದ ವರ್ಷ ನೀನು ಚನ್ನರಾಯಪಟ್ಟಣದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಬಂದ ದಿನವೇ ನನ್ನ ಕೊನೆಯ ಹಾಲುಹಲ್ಲೂ ಬಿದ್ದಿತ್ತು. ಸಗಣಿ ಉಂಡೆ ಮಾಡಿ ಎಸೆಯೋದೆಲ್ಲ ಚಿಕ್ಕ ಮಕ್ಕಳಿಗೆ, ನಾನು ಮಾಡಲ್ಲ ಅಂದೆ. ನೀನು ಎರಡನ್ನೂ ಸಗಣಿಯಲ್ಲಿ ಸುತ್ತಿ, ಊದಿದ ಕೆನ್ನೆಯಲ್ಲೇ 'ನಂಗೂ ಒಸ ಹಲ್ಲು ಬರ್ಲಿ' ಅಂತ ಕೂಗಿ ಹಂಚಿನ ಮೇಲೆ ಎಸೆದೆ. ಅಮ್ಮ ಇಬ್ಬರಿಗೂ ಬೈದಳು.

ಈಗ ಏಣಿ ಹಿಡಿದವಳೂ ಅವಳೇ. 'ಮೆತ್ತಗೆ ಓಗೇ, ಅಂಚು ಒಡೆದ್ರೆ ನಿಮ್ಮಪ್ಪ ಬಂದಾಗ ಏನೇಳ್ಲಿ' ಅಂತ ಒಂದೇ ಸಮ. ಎದುರುಮನೆ ತಿಮ್ಮಪ್ಪಜ್ಜ ಏನ್ ಹುಡುಕ್ತಿದ್ದೀಯಮ್ಮಿ ಅಂದ. ನಮ್ಮಪ್ಪನ ಹಲ್ಲು ತಾತ ಅಂದೆ. 'ಅವನ ಬಾಯಲ್ಲಿ ನೋಡಿದ್ರಾ?' ಅಂದ. ನೀರು ಇಳಿಯೋ ಮೂಲೆಯ ಸಂದಿಯಲ್ಲಿ ಸಿಕ್ಕಿತು ಅಪ್ಪ. ನನ್ನದು ಪುಟ್ಟದು, ಅದಕ್ಕೆ ಒರಗಿಕೊಂಡು ನಿನ್ನದು. ಸುಮಾರು ಹೊತ್ತು ನಾನು ಕೆಳಗಿಳಿಯಲಿಲ್ಲ.

ನಿನ್ನ ಹಲ್ಲು ತುಂಬಾ ವಿಕಿರಣ ತಿಂದಿದೆಯಂತೆ, ಯಾರ ಮೈಮೇಲೂ ಬೀಳಬಾರದಷ್ಟು. ಡಾಕ್ಟರು ಓದಿ ಕನ್ನಡಕ ತೆಗೆದು ನನ್ನ ತಲೆ ಸವರಿದರು. ನಿನ್ನೆ ಸಾಹೇಬ ಮತ್ತೆ ಬಂದ. ಈ ಸಲ ಕಾಫಿ ಮುಟ್ಟಲಿಲ್ಲ. ರಂಗಸ್ವಾಮಿ ಹೇಳಿದ್ದು ನಿಜ ಅಂದ. ಕೇಳಿಸಲಿಲ್ಲ ಸಾ, ಇನ್ನೊಂದ್ಸಲ ಹೇಳಿ ಅಂದೆ. ಹೇಳಿದ.

ಅಮ್ಮ ಮಾತ್ರ ಗೂಡಿನ ಮುಂದೆ ಕೂತವಳು ದೀಪ ಹಚ್ಚಿಲ್ಲ. 'ನಾನೇ ಬಿಚ್ಚಿಟ್ಕೊಂಡೆ' ಅಂತಾಳೆ. ಬಿಲ್ಲೆ ಯಾರನ್ನೂ ಕಾಯಲ್ಲ, ಬರೀ ಅಳೆಯುತ್ತೆ ಅಂತ ಫೋನಿನಲ್ಲಿ ನೀನೇ ಅವಳಿಗೆ ಹೇಳು. ನನ್ನ ಮಾತು ನಂಬಲ್ಲ.

ಮಾವನಿಗೆ ನಮಸ್ಕಾರ, ನರ್ಸಮ್ಮನಿಗೆ ನನ್ನ ಸಂತಾಪ.

ಇಂತಿ, ನಿಜ ಹೇಳಿದವನ ಮಗಳು
ಅನುಶ್ರೀ

ಮರೆತೆ: ಕಾಗದ ಒಯ್ಯೋ ಬಸ್ಸು ಬರೋ ಹೊತ್ತಾಯಿತು, ಬೇಗ ಬರೀತೀನಿ. ಹಲ್ಲನ್ನ ಮುಂಬಯಿಗೆ ಕಳಿಸುವಾಗ ಅಮ್ಮ, ಮಾವ ಎಲ್ಲರೂ ಜಾಸ್ತಿ ಬರಲಿ ಅಂತ ಬೇಡಿಕೊಂಡರು. ನಾನು ಏನೂ ಬರದೇ ಇರಲಿ ಅಂತ ಬೇಡಿಕೊಂಡೆ. ನೀನು ಸುಳ್ಳುಗಾರ ಅಂತಲೇ ಆಗಲಿ, ಸಾಹೇಬ ನಮ್ಮ ಜಗಲಿ ಮೇಲೆ ಕೂತು ನಗಲಿ, ನಿನಗಿರೋದು ಬರೀ ಜ್ವರ ಅಂತ ಆಗಲಿ ಅಂತ.