ಸಾಕ್ಷಿಗಳ ಪಟ್ಟಿ

ತಿಳವಳ್ಳಿ, ಮಂಗಳವಾರ

ಸಂಸದರಾದ ನಮ್ಮ ವಕೀಲ ಸಾಹೇಬರಿಗೆ,

ಹಾನಗಲ್ ಕೋರ್ಟಿನಲ್ಲಿ ನಮ್ಮವ್ವ ಶಂಕ್ರವ್ವನ ಹೊಲದ ದಾವೆ ನಡೆಸುತ್ತಿದ್ದವರು ತಾವೇ. ತಾವು ಆರಿಸಿ ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ದಿಲ್ಲಿಯ ಕೆಲಸದಲ್ಲಿ ತಮಗೆ ಪುರುಸೊತ್ತಿಲ್ಲ. ತಮ್ಮ ಒಪ್ಪಿಗೆಯ ಸಹಿ ಇಲ್ಲದೆ ಬೇರೆ ವಕೀಲರು ವಕಾಲತ್ತು ಹಾಕಲು ಒಲ್ಲೆ ಅನ್ನುತ್ತಾರೆ. ದಯವಿಟ್ಟು ಸಹಿ ಮಾಡಿ, ನಮ್ಮ ಕಾಗದದ ಕಟ್ಟನ್ನು ಮರಳಿಸಿ.

ನಮ್ಮ ಹೊಲ ಒತ್ತಿಕೊಂಡ ಶಂಭುಲಿಂಗಪ್ಪನವರು ಈಗ ತಾವು ಇಲ್ಲಿ ತೆರೆದ ಸಂಸದರ ಕಚೇರಿಯಲ್ಲೇ ಕುಳಿತು ಜನರ ಅರ್ಜಿ ತೆಗೆದುಕೊಳ್ಳುತ್ತಾರಂತೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ನಿನ್ನೆ ಹಿರೇಕೆರೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಇಬ್ಬರು ನಮ್ಮ ಪಕ್ಕದ ಹೊಲದ ನೀಲಪ್ಪ ಕಾಕಾನನ್ನು ತಡೆದು, "ಸಾಕ್ಷಿ ಹೇಳಾಕ ಹೋಗಬ್ಯಾಡ್ರಿ, ವಯಸ್ಸಾಗೇತಿ ನಿಮಗ" ಎಂದರಂತೆ. ಕಾಕಾ ಇವತ್ತು ಮನೆಯಿಂದ ಹೊರಗೆ ಬಂದಿಲ್ಲ. ಅವ್ವ ಮಾತ್ರ, "ಸಾಹೇಬ್ರು ಅಂಥಾವ್ರಲ್ಲ, ಒಂದ್ ಕಾಗದ ಬರಿ" ಅನ್ನುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರವನ್ನು ಕಚೇರಿಯವರ ಕೈಯಲ್ಲಿ ಕಳಿಸಬೇಡಿ, ಅಂಚೆಗೆ ಹಾಕಿ.

ಸಾಕ್ಷಿಗಳ ಪಟ್ಟಿಯನ್ನು ತಾವು ಇನ್ನೂ ಕೋರ್ಟಿಗೆ ಕೊಟ್ಟಿಲ್ಲ. ಅವ್ವ ಹೇಳಿದ್ದನ್ನು ತಾವೇ ಬರೆದುಕೊಂಡು ಆ ಕಟ್ಟಿನಲ್ಲಿ ಇಟ್ಟಿದ್ದಿರಿ; ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅದರಲ್ಲಿ ಮೊದಲನೆಯ ಹೆಸರು ನೀಲಪ್ಪ ಕಾಕಾನದು. ಎರಡನೆಯದು ನನ್ನದು.

ತಮ್ಮ ಕಕ್ಷಿದಾರಳ ಮಗಳು,
ಮಾಲಾ